ಕನ್ನಡಕದಕ್ಕನ ಬರಿಗೈ

ಗುಡ್ಡದ ಮೇಲಿನಿಂದ "ಅಯ್ಯೋ, ನನ್ನ ಕನ್ನಡಕ!" ಎಂಬ ಕೂಗು ಕೇಳಿಸಿದರೆ ಸಾಕು, ಕೆಳಗೆ ಟಿಕೆಟ್ ಹರಿಯುವ ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕಾ, ನಿಮ್ಮ ಗಿರಾಕಿ ಬಂದ!" ಎನ್ನುತ್ತಿದ್ದ. ಬ್ಯಾಗ್ ಕೌಂಟರಿನಲ್ಲಿ ಕೂತ ಅವಳು ಕೈಯಲ್ಲಿದ್ದ ಟೋಕನ್ನನ್ನು ಕೊಕ್ಕೆಗೆ ಸಿಕ್ಕಿಸಿ, ಮಗಳನ್ನು ಅತ್ತೆಯ ಮಡಿಲಿಗೆ ದಾಟಿಸಿ, ಡಬ್ಬಿಯಿಂದ ಒಂದು ಬಾಳೆಹಣ್ಣು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ಇನ್ನೂರ ಹನ್ನೆರಡು ಮೆಟ್ಟಿಲು. ಮದುವೆಯಾಗಿ ಬಂದ ಹೊಸದರಲ್ಲಿ ನೂರಕ್ಕೇ ಏದುಸಿರು ಬಂದಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳವರೆಗೂ ಹತ್ತಿದ್ದಳು. ಈಗಂತೂ ಹತ್ತುತ್ತಲೇ ಸಂಜೆಯ ಅಡುಗೆ, ಒಗೆಯಬೇಕಾದ ಬಟ್ಟೆ, ಮಗಳ ಕೆಮ್ಮಿನ ಔಷಧಿ ಎಲ್ಲ ಮನಸ್ಸಿನಲ್ಲೇ ಮುಗಿಸುವಷ್ಟು ಕಾಲು ಪಳಗಿತ್ತು.

ಮೇಲೆ ಕಲ್ಲುಹಾಸಿನ ಕಟ್ಟೆ, ಕಬ್ಬಿಣದ ಕಟಕಟೆ, ಅದರಾಚೆ ಕಣ್ಣು ಹರಿಯುವಷ್ಟು ದೂರ ಕಣಿವೆ. ಕಣಿವೆ ನೋಡಲೆಂದು ಅಷ್ಟು ದೂರದಿಂದ ಬಂದವರು ಮೇಲೆ ಬಂದೊಡನೆ ಅದಕ್ಕೇ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೋತಿಗಳಿಗೆ ಬೇಕಾದದ್ದೂ ಅದೇ. ಬೆನ್ನ ಹಿಂದಿನಿಂದ ಒಂದು ಕೈ ಬರುತ್ತಿತ್ತು, ಕಿವಿಯ ಹತ್ತಿರ ಒಂದಿಷ್ಟು ಕಚಗುಳಿ, ಅಷ್ಟೇ, ಲೋಕವೆಲ್ಲ ಮಸುಕು.

ಅವಳು ಹೋಗಿ ನಿಲ್ಲುತ್ತಿದ್ದಳು. ಅತ್ತೆ ಕಲಿಸಿಕೊಟ್ಟ ವಿದ್ಯೆಗೆ ಕಟ್ಟಳೆಗಳಿದ್ದವು. ಕೋತಿಯ ಕಣ್ಣಲ್ಲಿ ಕಣ್ಣಿಡಬಾರದು. ಹಲ್ಲು ಕಾಣುವ ಹಾಗೆ ನಗಬಾರದು, ಅದಕ್ಕೆ ನಗುವೆಂದರೆ ಜಗಳ. ಹಣ್ಣನ್ನು ಒಂದೇ ಸಲ ಪೂರ್ತಿ ಕೊಡಬಾರದು: ಮೊದಲು ಅರ್ಧ, ಸಾಮಾನು ಕೈಗೆ ಬಂದ ಮೇಲೆ ಇನ್ನರ್ಧ. ಹಿಂಡಿನಲ್ಲಿ ಕಿವಿ ಹರಿದ ಒಂದು ಹೆಣ್ಣು ಕೋತಿಯಿತ್ತು. ಎಲ್ಲರೂ ಅದನ್ನು ಹರಕುಕಿವಿ ಎನ್ನುತ್ತಿದ್ದರು. ಅದು ಒಂದು ಕೈಯಲ್ಲಿ ಕನ್ನಡಕ ಹಿಡಿದು, ಇನ್ನೊಂದು ಕೈ ಚಾಚಿ, ಅಂಗಡಿಯಲ್ಲಿ ಚಿಲ್ಲರೆಗೆ ಕಾಯುವ ಹೆಂಗಸಿನ ಹಾಗೆ ಬೇಸರದ ಮುಖ ಮಾಡಿಕೊಂಡು ಕೂತಿರುತ್ತಿತ್ತು. ಅರ್ಧ ಹಣ್ಣು ಹೋಯಿತು, ಕನ್ನಡಕ ಬಂತು, ಇನ್ನರ್ಧ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಹೀಗೆ ಅತ್ತೆಗೆ ಕನ್ನಡಕದಮ್ಮ ಎಂದು ಹೆಸರು ಬಿದ್ದಿತ್ತು. ಅತ್ತೆಯ ಮಂಡಿ ನೋವು ಹೆಚ್ಚಾಗಿ ಮೆಟ್ಟಿಲು ಬಿಟ್ಟ ಮೇಲೆ ಸೊಸೆ ಕನ್ನಡಕದಕ್ಕ ಆದಳು.

ಅವಳು ದರ್ಜಿಯ ಮಗಳು. ಕತ್ತರಿ ಹಿಡಿದು ಬೆಳೆದವಳಿಗೆ ಕೋತಿಯ ಕೈ ಹಿಡಿಯುವ ಕೆಲಸ ಬಂದದ್ದು ಮದುವೆಯ ಜೊತೆಗೆ. ಗಂಡ ಬೆಟ್ಟದ ಬುಡದಿಂದ ಗೇಟಿನವರೆಗೆ ಪ್ರವಾಸಿಗರ ವ್ಯಾನ್ ಓಡಿಸುತ್ತಿದ್ದ. ಜಾಗವನ್ನೆಲ್ಲ ನಡೆಸುತ್ತಿದ್ದದ್ದು ಒಂದು ಕಂಪನಿ. ಬ್ಯಾಗ್ ಕೌಂಟರೂ ಕಂಪನಿಯದೇ, ಕೌಂಟರಿನ ಹಿಂದೆ ಅಂಟಿಕೊಂಡಿದ್ದ, ತಗಡಿನ ಮಾಡಿನ ಎರಡು ಕೋಣೆಯ ಮನೆಯೂ ಕಂಪನಿಯದೇ. ಕೌಂಟರು ಇದ್ದರೆ ಮನೆ, ಕೌಂಟರು ಹೋದರೆ ಮನೆಯೂ ಹೋಯಿತು.

ಕೋತಿಗಳ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ತಂತಿಯ ಮೇಲೆ ಒಣಹಾಕಿದ ಮಗಳ ಫ್ರಾಕುಗಳಲ್ಲಿ ಎರಡು ಈಗಲೂ ಮರದ ತುದಿಯಲ್ಲಿ ಬಾವುಟದ ಹಾಗೆ ನೇತಾಡುತ್ತಿದ್ದವು. ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಎಷ್ಟು ದೊಡ್ಡ ಕಲ್ಲು ಹೇರಿದರೂ ತೆಗೆದು ಸ್ನಾನ ಮಾಡಿ ಹೋಗುತ್ತಿದ್ದವು. ಮಗಳ ಹಾಲಿನ ಬಾಟಲಿ ಬಿಡಿಸಿದ್ದು ಅವಳಲ್ಲ, ಕೋತಿಗಳು. ಒಂದಲ್ಲ, ನಾಲ್ಕು ಬಾಟಲಿ ಒಯ್ದ ಮೇಲೆ ಮಗು ತಾನಾಗಿ ಲೋಟ ಹಿಡಿಯಿತು. "ಅಷ್ಟು ಉಪಕಾರ ಮಾಡಿದಾವೆ" ಎಂದು ಅವಳು ನಗುತ್ತಿದ್ದಳು.

ಅತ್ತೆಗೆ ಒಂದು ಕತೆಯಿತ್ತು. ಬ್ಯಾಗ್ ಇಡಲು ಬಂದವರಲ್ಲಿ ಸ್ವಲ್ಪ ಬಿಡುವಾಗಿ ನಿಂತವರು ಕಂಡರೆ ಸಾಕು, ಶುರು.

"ಆಗ ಈ ಮೆಟ್ಟಿಲಿಗೆ ಕಟಕಟೆನೂ ಇರಲಿಲ್ಲ. ಒಬ್ಬರು ಮೇಷ್ಟ್ರು, ಬೆವರು ಒರೆಸಿಕೊಳ್ಳೋಕೆ ಅಂತ ಕನ್ನಡಕ ತೆಗೆದು ಕಲ್ಲಿನ ಮೇಲಿಟ್ಟರು. ಒಂದು ಮರಿ ಬಂದು ಎತ್ಕೊಂಡು ಹೋಯ್ತು. ಏನಂತ ಗೊತ್ತಿತ್ತು ಅದಕ್ಕೆ? ಹೊಳೀತಿತ್ತು, ಎತ್ಕೊಳ್ತು. ಮೇಷ್ಟ್ರು ಅಳೋದೊಂದು ಬಾಕಿ. ನಾನು ಒಂದು ಹಿಡಿ ಕಡಲೆಕಾಯಿ ಚೆಲ್ಲಿದೆ ನೋಡಿ. ಅದು ಕನ್ನಡಕ ಬಿಟ್ಟು ಕಡಲೆಕಾಯಿಗೆ ಬಂತು! ಎಲ್ಲಾರೂ ಎಷ್ಟು ಹೊಗಳಿದ್ರು ಅಂತೀರಿ! ಮಾರನೇ ದಿನ ಅದೇ ಮರಿ ಇನ್ನೊಂದು ತಂತು. ಅದರ ಮಾರನೇ ದಿನ ಅದರ ಅಕ್ಕ-ತಮ್ಮಂದಿರು."

ಇದನ್ನು ಹೇಳುವಾಗ ಅತ್ತೆಯ ಮುಖ ಬೆಳಗುತ್ತಿತ್ತು. ಸೊಸೆ ಈ ಕತೆಯನ್ನು ಆರು ವರ್ಷ ಕೇಳಿದ್ದಳು. ಕೇಳಿದ್ದಳೇ ಹೊರತು ಕಿವಿಗೆ ಹಾಕಿಕೊಂಡಿರಲಿಲ್ಲ.

ಕಿವಿಗೆ ಬಿದ್ದದ್ದು ಮಗಳ ದೆಸೆಯಿಂದ. ಮೂರೂವರೆ ವರ್ಷದ ಪುಟ್ಟಿ ಒಂದು ಬೆಳಿಗ್ಗೆ ಕೌಂಟರಿನ ಬೀಗದ ಕೈ ಎತ್ತಿಕೊಂಡು ಮಂಚ ಹತ್ತಿ ಕೂತಳು. ಕೊಡು ಎಂದರೆ ಕೊಡಲಿಲ್ಲ. ಒಂದು ಕೈಯಲ್ಲಿ ಬೀಗದ ಕೈ ಹಿಡಿದು ಇನ್ನೊಂದು ಅಂಗೈ ಚಾಚಿದಳು, ಮುಖದಲ್ಲಿ ಅದೇ ಬೇಸರ. ಅತ್ತೆ ಬಿದ್ದು ಬಿದ್ದು ನಕ್ಕು ಬಿಸ್ಕತ್ತು ಕೊಟ್ಟರು. ಹೊರಗೆ ಜನ ಸಾಲು ನಿಂತಿದ್ದರಿಂದ ಅವಳೂ ಸುಮ್ಮನಾದಳು. ಮರುದಿನ ಅಜ್ಜಿಯ ಚಪ್ಪಲಿ. ಅದರ ಮರುದಿನ ಅಪ್ಪನ ಫೋನು. ಬುಧವಾರ, ಬೀಗದ ಕೈಯನ್ನು ಎತ್ತರದ ಮೊಳೆಗೆ ಹಾಕಿದ್ದಕ್ಕೆ, ಪುಟ್ಟಿ ಹಣ್ಣಿನ ಮರದ ಪೆಟ್ಟಿಗೆ ಎಳೆದುಕೊಂಡು ಬಂದು ಹತ್ತಿದಳು. ಪೆಟ್ಟಿಗೆ ಮಗುಚಿತು. ಪೆಟ್ಟಿಗೆಯ ಮೊಳೆ ಮುಂಗೈಯನ್ನು ಗೀರಿಕೊಂಡು ಹೋಯಿತು.

ಆಸ್ಪತ್ರೆಯಲ್ಲಿ ಮೂರು ಹೊಲಿಗೆ, ಒಂದು ಇಂಜೆಕ್ಷನ್. ವಾಪಸು ಬರುವಾಗ ವ್ಯಾನಿನ ಮುಂದಿನ ಸೀಟಿನಲ್ಲಿ ಮಗಳು ಮಡಿಲಲ್ಲೇ ನಿದ್ದೆ ಹೋಗಿದ್ದಳು. ಬ್ಯಾಂಡೇಜ್ ಸುತ್ತಿದ ಪುಟ್ಟ ಕೈ ಅಂಗೈ ಮೇಲಾಗಿ ಬಿದ್ದಿತ್ತು. ಆ ಅಂಗೈ ನೋಡುತ್ತಾ ನೋಡುತ್ತಾ ಅವಳಿಗೆ ಹರಕುಕಿವಿ ನೆನಪಾಯಿತು. 

"ಇವಳಿಗೆ ಯಾರು ಕಲಿಸಿದ್ದು ಇದನ್ನ?" ಎಂದಳು.

"ಕೋತಿ ನೋಡಿ ಕಲ್ತಿರ್ತಾಳೆ" ಎಂದ ಗಂಡ, ತಿರುವಿನಲ್ಲಿ ಹಾರ್ನ್ ಒತ್ತುತ್ತಾ.

"ಕೋತಿಗೆ?"

ಗಂಡ ಗೇರ್ ಬದಲಿಸಿದ. ಅವನು ತಿರುವುಗಳಲ್ಲಿ ಹೆಚ್ಚು ಮಾತಾಡುವವನಲ್ಲ. ಆ ರಸ್ತೆಯಲ್ಲಿ ತಿರುವು ಬಿಟ್ಟು ಬೇರೇನೂ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಕಸಿದುಕೊಂಡು ಕೂತರೆ ಬಿಸ್ಕತ್ತಿಲ್ಲ. ಬಾಯಿ ಬಿಟ್ಟು ಕೇಳಿದರೆ ಉಂಟು. ಗುರುವಾರ ಪುಟ್ಟಿ ಅತ್ತಳು. ಶುಕ್ರವಾರ ಮಾಡು ಹಾರಿಹೋಗುವ ಹಾಗೆ ಅತ್ತಳು, ಚಪ್ಪಲಿ ಬಚ್ಚಲಿಗೆ ಎಸೆದಳು, ಅಜ್ಜಿಯ ಕೋಲು ಕಿಟಕಿಯಿಂದ ಹೊರಗೆ ಹಾಕಿದಳು. "ಕಲ್ಲೆದೆಯವಳು, ಮೂಗು ನೋಡು ಹೇಗೆ ಕೆಂಪಾಗಿದೆ ಮಗೂದು!" ಎಂದು ಅತ್ತೆ ಕೂಗಾಡಿದರು. ಅವಳು ಬಾಗಿಲ ಹಿಂದೆ ಹೋಗಿ ತಾನೂ ಒಂದಿಷ್ಟು ಅತ್ತು ಬಂದು ಮತ್ತೆ ಗಟ್ಟಿಯಾಗಿ ಕೂತಳು. ಶನಿವಾರ ಮಧ್ಯಾಹ್ನ ಪುಟ್ಟಿ ಬೀಗದ ಕೈ ತಂದು ಅಮ್ಮನ ಮಡಿಲಿಗೆ ಹಾಕಿ, "ಅಮ್ಮಾ, ಬಿಸ್ಕತ್ತು ಕೊಡ್ತೀಯಾ?" ಎಂದಳು. ಅವಳು ಒಂದಲ್ಲ, ಎರಡು ಕೊಟ್ಟಳು.

ಭಾನುವಾರ ಒಬ್ಬರ ಫೋನಿನಿಂದ ಹೊರಟ ವಿಡಿಯೋ ಊರೆಲ್ಲ ಸುತ್ತಿ ಬಂತು. ಮದುವೆಯಾಗಿ ಎರಡು ದಿನವಾಗಿದ್ದ ಗಂಡಸೊಬ್ಬ ಹೆಂಡತಿಯ ಬ್ಯಾಗ್ ಕಾಪಾಡಲು ಹೋಗಿ ಕೋತಿಯಿಂದ ಕೆನ್ನೆಗೆ ಒಂದು ಬಾರಿಸಿಕೊಂಡಿದ್ದ. ನೋಡಿದವರೆಲ್ಲ ನಕ್ಕರು, ನಕ್ಕವರೆಲ್ಲ ಕಂಪನಿಯ ಹೋಟೆಲಿನಲ್ಲಿ ಕಾದಿರಿಸಿದ್ದ ರೂಮು ಬೇಡವೆಂದರು.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಕೌಂಟರಿಗೆ ಬಂದ. ಎಂದೂ ಒಳಗೆ ಬಾರದವನು ಬಂದು ಸ್ಟೂಲಿನ ಮೇಲೆ ಕೂತ, ಪುಟ್ಟಿಯ ಕೈಯ ಬ್ಯಾಂಡೇಜ್ ನೋಡಿದ. ಅವನ ಕಣ್ಣು ಅಲ್ಲೇ ನಿಂತಿತು.

"ಏನಾಯ್ತಮ್ಮಾ ಮಗೂಗೆ? ಕೋತಿ ಕಚ್ಚಿತಾ?"

"ಇಲ್ಲ ಸಾರ್. ಮೊಳೆ ಗೀರಿದ್ದು."

"ಕೋತಿ ಕಚ್ಚಿದ್ರೂ ಹೀಗೇ ಆಗ್ತಿತ್ತು ಅಲ್ವಾ?"

"ಆಗ್ತಿತ್ತೇನೋ. ಕಚ್ಚಿಲ್ಲ."

ಅವನು ಜೇಬಿನಿಂದ ಒಂದು ಕಾಗದ ತೆಗೆದು ಟೋಕನ್ ಡಬ್ಬಿಯ ಮೇಲೆ ಬಿಡಿಸಿದ. ಮಗುವಿನ ಗಾಯದ ಸುದ್ದಿ ಮೊದಲೇ ತಿಳಿದು, ಟೈಪ್ ಮಾಡಿಸಿಯೇ ತಂದಿದ್ದ. ಕೋತಿಗಳನ್ನೆಲ್ಲ ಬೋನು ಹಾಕಿ ಹಿಡಿಸಿ ಬೇರೆ ಕಾಡಿಗೆ ಸಾಗಿಸಬೇಕೆಂದು ಮೇಲಿನಿಂದ ಹೇಳಿಕೆ. ಆದರೆ ಅರಣ್ಯ ಕಚೇರಿಯವರು ಸುಮ್ಮಸುಮ್ಮನೆ ಒಪ್ಪುವುದಿಲ್ಲ. ಯಾರಿಗಾದರೂ ಕಚ್ಚಿದೆಯೆಂದು ಬರವಣಿಗೆಯಲ್ಲಿ ಬೇಕು. ಮಗುವಿಗೆ ಕಚ್ಚಿದೆಯೆಂದರೆ ಎರಡು ಮಾತಿಲ್ಲ. ಇಷ್ಟನ್ನು ಅವನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ.

"ಒಂದು ಸೈನ್ ಅಷ್ಟೇ ಅಮ್ಮಾ. ನಿನ್ನನ್ನ ಕಾಯಂ ಮಾಡಿಸೋದು ನನ್ನ ಜವಾಬ್ದಾರಿ. ಈ ಮಾಡಿಗೆ ಹೊಸ ತಗಡೂ ಹಾಕಿಸ್ತೀನಿ."

"ಸೈನ್ ಮಾಡದಿದ್ರೆ?"

"ಮುಂದಿನ ತಿಂಗಳಿಂದ ಕೌಂಟರ್ ಬೇರೆಯವರಿಗೆ ಕೊಡಬೇಕಾಗುತ್ತೆ. ಮನೆ ಕೂಡ. ನನ್ನ ಕೈಯಲ್ಲಿ ಏನಿದೆ ಹೇಳು? ಶನಿವಾರ ದೊಡ್ಡ ಸಾಹೇಬರೇ ಬರ್ತಾರೆ, ಅಷ್ಟರಲ್ಲಿ ಕಾಗದ ರೆಡಿ ಇರಬೇಕು."

ಅವಳು ಕಾಗದ ಎತ್ತಿ ಓದಿದಳು. ತನ್ನ ಮಗಳ ಹೆಸರು, ವಯಸ್ಸು, ತಾರೀಕು, ಎಡಗೈ ಎಂಬುದೂ ಸರಿಯಾಗಿತ್ತು. ಇನ್ನುಳಿದದ್ದೆಲ್ಲ ಸುಳ್ಳು. ಮಡಿಸಿ ಅವನ ಕೈಗೇ ಕೊಟ್ಟಳು.

"ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸ್ತು ಅಂತ ಗಾದೆ ಇದೆಯಲ್ಲ ಸಾರ್. ಇಲ್ಲಿ ನಾವು ತಿಂದು ಕೋತಿ ಮೂತಿಗೆ ಒರೆಸ್ತಾ ಇದೀವಿ. ನನ್ನ ಮಗಳ ಕೈಯಲ್ಲಿ ಒರೆಸಬೇಡಿ."

"ಅಂದ್ರೆ?"

"ಅಂದ್ರೆ, ಕಸಿಯೋದು ಕಲಿಸಿದ್ದು ನಾವು. ಬಿಡಿಸೋದೂ ನಾವೇ. ಶನಿವಾರದವರೆಗೆ ಟೈಮ್ ಇದೆಯಲ್ಲ? ಅಷ್ಟು ಸಾಕು."

ಮ್ಯಾನೇಜರ್ ಮೂಗು ಮುರಿದು ಎದ್ದು ಹೋದ. ಕಾಗದವನ್ನು ಮಾತ್ರ ಡಬ್ಬಿಯ ಕೆಳಗೆ ಸಿಕ್ಕಿಸಿಯೇ ಹೋದ.

ಒಳಗೆ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು.

"ಕಲಿಸಿದ್ದು ನಾವು ಅಂದ್ಯಲ್ಲ, ಯಾರು ಆ ನಾವು? ನಾನು ತಾನೇ?"

"ನೀವು ಶುರು ಮಾಡಿದ್ರಿ ಅತ್ತೆ. ನಾನು ಮುಂದುವರಿಸಿದೆ."

"ಮೂವತ್ತು ವರ್ಷ ಜನರ ಕನ್ನಡಕ ಬಿಡಿಸಿಕೊಟ್ಟಿದೀನಿ. ಎಷ್ಟು ಜನ ಕೈ ಮುಗಿದಿದಾರೆ ಗೊತ್ತಾ? ನಿನ್ನೆ ಮೊನ್ನೆ ಬಂದವಳು ಅದನ್ನೆಲ್ಲ ತಪ್ಪು ಅಂತೀಯಾ?"

"ಪುಟ್ಟಿಗೆ ಮೊದಲನೇ ಬಿಸ್ಕತ್ತು ಯಾರು ಕೊಟ್ಟಿದ್ದು ಅತ್ತೆ?"

ಅತ್ತೆ ಕೋಲು ಊರಿ ಎದ್ದು ಹೋದರು. ಅಂದಿನಿಂದ ಸೊಸೆಯೊಡನೆ ನೇರ ಮಾತಿಲ್ಲ. ಉಪ್ಪು ಬೇಕಾದರೂ ಪುಟ್ಟಿಯ ಮೂಲಕ ಕೇಳಿದರು: "ಪುಟ್ಟಿ, ನಿಮ್ಮಮ್ಮನ್ನ ಉಪ್ಪು ಕೇಳು. ಬಾಯಿ ಬಿಟ್ಟು ಕೇಳಿದ್ರೆ ಕೊಡ್ತಾಳಂತೆ."

ಸಂಜೆ ವ್ಯಾನ್ ನಿಲ್ಲಿಸಿ ಬಂದ ಗಂಡನಿಗೆ ಅವಳು ನಡೆದದ್ದನ್ನೆಲ್ಲ ಹೇಳಿದಳು. ಮನೆ ಹೋಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಅವನು ಕೈಕಾಲು ತೊಳೆಯುವವರೆಗೂ ಯೋಚಿಸಿ, "ವ್ಯಾನ್ ಇದೆಯಲ್ಲ, ಮೂರು ಜನ ಆರಾಮಾಗಿ ಮಲಗಬಹುದು" ಎಂದ.

"ಮೂರು? ಅತ್ತೆ?"

"ಅಮ್ಮ ಮುಂದಿನ ಸೀಟು ಯಾರಿಗೂ ಬಿಟ್ಟುಕೊಡಲ್ಲ."

ಅವಳು ಅವತ್ತು ಮೊದಲ ಸಲ ನಕ್ಕಳು. ಊಟವಾದ ಮೇಲೆ ತವರಿನಿಂದ ತಂದಿದ್ದ ಹೊಲಿಗೆಯ ಕೈಯಂತ್ರದ ಮುಂದೆ ಕೂತಳು. ಎಲಾಸ್ಟಿಕ್ ಸುರುಳಿ, ಹಳೆಯ ಪರದೆಯ ಅಂಚು, ಮಗಳ ಸಣ್ಣದಾದ ಫ್ರಾಕುಗಳ ಪಟ್ಟಿ. ಕನ್ನಡಕದ ಎರಡು ಕಡ್ಡಿಗೆ ತೂರಿಸಿ ತಲೆಯ ಹಿಂದೆ ಬಿಗಿಯಾಗಿ ಕೂರುವ ಲಾಡಿಗಳನ್ನು ಒಂದರ ಹಿಂದೊಂದು ಹೊಲಿದಳು. ಅರವತ್ತು ಆದವು. ಅಗಲವಾದ ರಟ್ಟಿನ ಮೇಲೆ ಟಿಕೆಟ್ ಅಣ್ಣನಿಂದ ದಪ್ಪ ಅಕ್ಷರದಲ್ಲಿ ಬರೆಸಿದಳು: "ಕೋತಿಗೆ ಏನೂ ಕೊಡಬೇಡಿ. ಕಸಿದುಕೊಂಡರೂ ಕೊಡಬೇಡಿ. ಮುಖ್ಯವಾಗಿ, ಕಸಿದುಕೊಂಡರೆ ಕೊಡಬೇಡಿ."

ಮಂಗಳವಾರದಿಂದ ಬ್ಯಾಗ್ ಇಟ್ಟವರಿಗೆಲ್ಲ ಟೋಕನ್ ಜೊತೆ ಒಂದು ಲಾಡಿ. ಹೆಚ್ಚಿನವರು ಕಟ್ಟಿಕೊಂಡರು, ಕೆಲವರು ನಕ್ಕು ಜೇಬಿಗೆ ಹಾಕಿಕೊಂಡರು. ಹಣ್ಣು, ಕಡಲೆಕಾಯಿ ಕೈಯಲ್ಲಿ ಹಿಡಿದು ಬಂದವರನ್ನು ಟಿಕೆಟ್ ಅಣ್ಣ ಕಿಟಕಿಯಲ್ಲೇ ನಿಲ್ಲಿಸಿ, "ಇಲ್ಲೇ ತಿಂದು ಹತ್ತಿ, ಇಲ್ಲಾ ನನಗೆ ಕೊಟ್ಟು ಹತ್ತಿ" ಎಂದು ತನ್ನ ಹೊಟ್ಟೆಯನ್ನೂ ನೋಡಿಕೊಂಡ.

ಮೊದಲ ಕೂಗು ಹನ್ನೊಂದು ಗಂಟೆಗೆ. ಅವಳು ಹತ್ತಿ ಹೋದಳು. ಹರಕುಕಿವಿ ಕಟಕಟೆಯ ಮೇಲೆ ಕೂತಿತ್ತು. ಕಂಕುಳಲ್ಲಿ ಮರಿ, ಒಂದು ಕೈಯಲ್ಲಿ ಕನ್ನಡಕ, ಇನ್ನೊಂದು ಚಾಚಿದ ಕೈ. ಅವಳು ಎರಡೂ ಅಂಗೈ ಬಿಡಿಸಿ ತೋರಿಸಿದಳು. ಏನಿಲ್ಲ. ಹರಕುಕಿವಿ ಅವಳ ಸೊಂಟ ನೋಡಿತು, ಹಿಂದೆ ನೋಡಿತು, ಮತ್ತೆ ಕೈ ಚಾಚಿತು. ಅಂಗಡಿಯವನು ಚಿಲ್ಲರೆ ಇಲ್ಲವೆಂದರೆ ಆಗುವ ಸಿಟ್ಟೆಲ್ಲ ಅದರ ಮುಖದಲ್ಲಿತ್ತು. ಕಾಲು ಗಂಟೆ ಹಾಗೇ ಕಳೆಯಿತು. ಆಮೇಲೆ ಅದು ಕನ್ನಡಕವನ್ನು ಹಲ್ಲಲ್ಲಿ ಕಡಿದು ಎರಡು ತುಂಡು ಮಾಡಿ ಕಣಿವೆಗೆ ಎಸೆದು ಹೋಯಿತು.

ಕನ್ನಡಕದ ಯಜಮಾನರು ಅವಳ ಮೇಲೆ ಎಗರಿದರು. "ಒಂದು ಬಾಳೆಹಣ್ಣಿನ ದರಿದ್ರನಾ ನಿಮಗೆ?"

"ಒಂದು ಹಣ್ಣಿಂದಲೇ ಇಷ್ಟೆಲ್ಲ ಆಗಿದ್ದು ಸಾರ್. ಲಾಡಿ ಎಲ್ಲಿ?"

ಲಾಡಿ ಅವರ ಜೇಬಿನಲ್ಲಿತ್ತು.

ಬುಧವಾರ ಇನ್ನೂ ಕೆಟ್ಟದಾಯಿತು. ಕೋತಿಗಳು ಕನ್ನಡಕ ಬಿಟ್ಟು ಟೋಪಿ ಹಿಡಿದವು, ಟೋಪಿ ಬಿಟ್ಟು ಚಪ್ಪಲಿ ಹಿಡಿದವು. ಹಣ್ಣು ಬರಲಿಲ್ಲವೆಂದು ಕಟ್ಟೆಯ ಮೇಲೆ ಸಾಲಾಗಿ ಕೂತು ಕಿರುಚಿದವು. ಒಬ್ಬಾಕೆ ಬರಿಗಾಲಲ್ಲಿ ಇಳಿದು ಬಂದು ಅವಳಿಗೆ ಬಾಯಿಗೆ ಬಂದಂತೆ ಬೈದಳು. ಅವಳು ತನ್ನ ಚಪ್ಪಲಿ ಬಿಚ್ಚಿ ಕೊಟ್ಟಳು. ಮ್ಯಾನೇಜರ್ ದೂರದಿಂದಲೇ, "ಎಷ್ಟಾಯ್ತಮ್ಮಾ ಇವತ್ತು? ಕಾಗದ ಅಲ್ಲೇ ಇದೆ" ಎಂದು ನೆನಪಿಸಿದ.

"ಶುಕ್ರವಾರದ ಪುಟ್ಟಿ ಇದು" ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಚಪ್ಪಲಿ ಬಚ್ಚಲಿಗೆ ಬಿದ್ದ ದಿನ. ಇನ್ನೊಂದು ದಿನ ತಡೆದರೆ ಸಾಕು. ಆದರೆ ಮಗು ಒಂದೇ, ಕೋತಿಗಳು ನಲವತ್ತು. ಮಗು ಅತ್ತದ್ದು ಎರಡು ದಿನ, ಕೋತಿಗಳು ಕಲಿತದ್ದು ಮೂವತ್ತು ವರ್ಷ. ಅಂದು ರಾತ್ರಿ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತಳು. ಗೋಡೆಗೆ ಒರಗಿ ಎರಡು ಕೋಣೆಯನ್ನೂ ನೋಡಿದಳು. ಪುಟ್ಟಿ ಗೀಚಿದ ಗೋಡೆ, ಮಾಡಿನ ತೂತಿನ ಕೆಳಗಿಟ್ಟ ಬಕೆಟ್, ಮೊಳೆಗೆ ಹಾಕಿದ ಬೀಗದ ಕೈ. ಒಂದು ಸೈನು. ಮಾಡಿಬಿಟ್ಟರೆ?

ಆಗ ಪುಟ್ಟಿ ಬ್ಯಾಂಡೇಜ್ ಕೈ ಎತ್ತಿ ತೋರಿಸಿ, "ಅಮ್ಮಾ, ಇದು ಮೊಳೆ ಮಾಡಿದ್ದು, ಅಲ್ವಾ?" ಎಂದಳು. ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಪ್ರಶ್ನೆಯೇ.

"ಹೌದು ಕಂದ. ಮೊಳೆ ಮಾಡಿದ್ದು."

ಹಾಗೆ ಹೇಳಿದ ಬಾಯಲ್ಲೇ ನಾಳೆ ಕೋತಿ ಕಚ್ಚಿತು ಅನ್ನಬೇಕು. ಆಗ ಈ ಮಗು ಏನು ಕಲಿಯುತ್ತದೆ? ಅವಳು ಎದ್ದು ತಟ್ಟೆಯ ಅನ್ನವನ್ನು ಪೂರ್ತಿ ಉಂಡಳು.

ಗುರುವಾರ ಕೂಗುಗಳು ಏಳರಿಂದ ನಾಲ್ಕಕ್ಕೆ ಇಳಿದವು. ಶುಕ್ರವಾರ ಎರಡು. ಅದರಲ್ಲೊಂದು ಟೋಪಿ, ಅದನ್ನು ಮರಿಯೊಂದು ತಲೆಗೆ ಹಾಕಿಕೊಂಡು ಸುತ್ತಾಡಿ ಬೇಜಾರಾಗಿ ಮೆಟ್ಟಿಲ ಮೇಲೆ ಬಿಟ್ಟು ಹೋಗಿತ್ತು. ಅತ್ತೆ ಇನ್ನೂ ನೇರ ಮಾತಾಡಿರಲಿಲ್ಲ. ಆದರೆ ಶುಕ್ರವಾರ ಸಂಜೆ ಲಾಡಿಗಳ ರಾಶಿಯ ಹತ್ತಿರ ಕೂತು, ಗೋಜಲಾಗಿದ್ದವನ್ನು ಬಿಡಿಸಿ ಒಂದೊಂದಾಗಿ ಸುತ್ತಿಡುತ್ತಿದ್ದರು. ಕೇಳಿದರೆ, "ಕೈ ಸುಮ್ಮನಿರಲ್ಲ" ಎಂದು ಪುಟ್ಟಿಗೆ ಹೇಳಿದರು.

ಶನಿವಾರ ದೊಡ್ಡ ಸಾಹೇಬರು ಬಂದರು. ದೊಡ್ಡ ಕಾರು, ದಪ್ಪ ಗಾಜಿನ ಚಿನ್ನದ ಬಣ್ಣದ ಕನ್ನಡಕ, ಸಣ್ಣ ದನಿ. ಮ್ಯಾನೇಜರ್ ಅವರ ನೆರಳಿಗೂ ದಾರಿ ಬಿಡುತ್ತಾ ಹಿಂದೆ ಬಂದ. ಅವಳು ಎದ್ದು ನಿಂತು ಎಲ್ಲರಿಗೂ ಕೊಡುವ ಹಾಗೆ ಅವರಿಗೂ ಒಂದು ಲಾಡಿ ಚಾಚಿದಳು. ಅದು ಪುಟ್ಟಿಯ ಹೂವಿನ ಫ್ರಾಕಿನದು.

"ಏನಿದು?"

"ಕನ್ನಡಕಕ್ಕೆ ಸಾರ್. ಹಿಂದೆ ಕಟ್ಕೊಂಡ್ರೆ ಕೋತಿ ಎಳೆಯೋಕಾಗಲ್ಲ."

"ನಾನೇನು ಪೈಜಾಮಾನಾ, ಲಾಡಿ ಕಟ್ಟೋಕೆ?" ಎಂದರು ಸಾಹೇಬರು. ಮ್ಯಾನೇಜರ್ ಜೋರಾಗಿ ನಕ್ಕ. ಸಾಹೇಬರು ಬಗ್ಗಿ, ಕೌಂಟರಿಗೆ ಒರಗಿಸಿದ್ದ ರಟ್ಟಿನ ಮೇಲಿನ ಬರಹ ಓದತೊಡಗಿದರು. "ಮುಖ್ಯವಾಗಿ, ಕಸಿದುಕೊಂಡರೆ..."

ತಗಡಿನ ಮಾಡಿನ ಅಂಚಿನಿಂದ ಒಂದು ಕೈ ಇಳಿದು ಬಂತು. ಎಷ್ಟು ನಯವಾಗಿ ಬಂತೆಂದರೆ, ಕನ್ನಡಕ ಹೋದ ಮೇಲೂ ಸಾಹೇಬರು ಇನ್ನೆರಡು ಅಕ್ಷರ ಓದಲು ನೋಡಿದರು.

ಮಾಡಿನ ಮೇಲೆ ಹರಕುಕಿವಿ. ಮರಿ ಕಂಕುಳಲ್ಲಿ. ಕೈ ಚಾಚಿ ಕೂತಿತು.

"ಕೊಡಮ್ಮಾ, ಹಣ್ಣು ಕೊಡು! ಏನು ನೋಡ್ತಾ ನಿಂತಿದ್ದೀಯಾ!" ಮ್ಯಾನೇಜರ್ ಚೀರಿದ.

 ಒಂದು ಹಣ್ಣು, ಅರ್ಧ ನಿಮಿಷ, ಚಪ್ಪಾಳೆ. ಕೌಂಟರು ಉಳಿದರೂ ಉಳಿಯಬಹುದು. ಆದರೆ ಮಂಗಳವಾರದಿಂದ ತಿಂದ ಬೈಗುಳವೆಲ್ಲ ನೀರಲ್ಲಿ ಹೋಮ. ಅವಳು ಬೀದಿಗೆ ಇಳಿದು ಮಾಡಿನ ಎದುರು ನಿಂತು ಎರಡೂ ಅಂಗೈ ಬಿಡಿಸಿದಳು.

"ಕೊಡಲ್ಲ ಸಾರ್."

"ಯಾರ ಕನ್ನಡಕ ಅಂತ ಗೊತ್ತಿದೆಯಾ?"

"ಗೊತ್ತು. ಹರಕುಕಿವಿಗೆ ಗೊತ್ತಿಲ್ಲ. ಅದಕ್ಕೆ ಎಲ್ಲಾರ ಕನ್ನಡಕನೂ ಒಂದೇ. ಅದಕ್ಕೇ ನನಗೂ ಒಂದೇ."

ಮ್ಯಾನೇಜರ್ ಕೌಂಟರಿನ ಜಾಲರಿಗೆ ಮುಖ ಹಚ್ಚಿ, ಒಳಗೆ ಸ್ಟೂಲಿನ ಮೇಲೆ ಕೂತಿದ್ದ ಅತ್ತೆಯನ್ನು ಕಂಡ. "ಅಮ್ಮಾ, ನೀವು ಹಿರಿಯರು. ನಿಮಗೆ ಗೊತ್ತಲ್ಲ ವಿದ್ಯೆ. ನೀವಾದ್ರೂ ಬನ್ನಿ!"

ಅತ್ತೆ ಸೊಂಟಕ್ಕೆ ಕೈ ಹಾಕಿದರು.  ಅಲ್ಲಿಂದ ಒಂದು ಬಾಳೆಹಣ್ಣು ಹೊರಬಂತು. ಮೂವತ್ತು ವರ್ಷದ ಅಭ್ಯಾಸ, ಮಂಡಿ ಹೋದರೂ ಹಣ್ಣು ಸೊಂಟದಲ್ಲೇ ಇತ್ತು. ಅತ್ತೆ ನಿಧಾನವಾಗಿ ಸಿಪ್ಪೆ ಸುಲಿದರು. ಮೇಲೆ ಹರಕುಕಿವಿ ಮಾಡಿನ ತೂತಿಗೆ ಕಣ್ಣಿಟ್ಟು ನೋಡಿತು. ಹೊರಗೆ ಮ್ಯಾನೇಜರ್ ಜಾಲರಿಗೆ ಕಣ್ಣಿಟ್ಟು ನೋಡಿದ. ಅತ್ತೆ ಹಣ್ಣನ್ನು ಎರಡು ತುಂಡು ಮಾಡಿ ಅರ್ಧ ಪುಟ್ಟಿಯ ಬಾಯಿಗಿಟ್ಟರು. ಇನ್ನರ್ಧ ತಮ್ಮ ಬಾಯಿಗೆ ಹಾಕಿಕೊಂಡು ಅಗಿದರು.

"ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲಪ್ಪಾ" ಎಂದರು.

ಟಿಕೆಟ್ ಅಣ್ಣ ಕಿಟಕಿಯ ಕೆಳಗೆ ಬಗ್ಗಿ ಕೂತು ನಕ್ಕದ್ದು ಹೊರಗೂ ಕೇಳಿಸಿತು.

ಹರಕುಕಿವಿ ಇನ್ನೂ ಒಂದಿಷ್ಟು ಹೊತ್ತು ಕಾದು ಕೂತಿತು. ಚಿನ್ನದ ಬಣ್ಣದ ಕಡ್ಡಿಯನ್ನು ಹಲ್ಲಿಗೆ ಕೊಟ್ಟು ನೋಡಿತು, ರುಚಿಸಲಿಲ್ಲ. ಗಾಜಿನೊಳಗಿಂದ ಮರಿಯನ್ನು ನೋಡಿತು. ಕೊನೆಗೆ ಅವಳ ಬರಿಗೈಯನ್ನು ಇನ್ನೊಮ್ಮೆ ನೋಡಿ, ಚಾಚಿದ್ದ ತನ್ನ ಕೈಯನ್ನು ಹಿಂದಕ್ಕೆಳೆದು ಮರಿಯ ತಲೆ ಕೆರೆಯತೊಡಗಿತು. ಕನ್ನಡಕ ತಗಡಿನ ಮೇಲೆ ಗಡಗಡ ಜಾರಿ ಬಂದು ಕಲ್ಲಿನ ಮೇಲೆ ಬಿತ್ತು. ಒಂದು ಗಾಜು ಪುಡಿ, ಇನ್ನೊಂದು ಬಿರುಕು.

 ಮ್ಯಾನೇಜರ್‌ಗೆ ಇದೇ ತಕ್ಕ ಸಮಯವೆನಿಸಿತು. ಟೋಕನ್ ಡಬ್ಬಿಯ ಕೆಳಗಿನ ಕಾಗದ ಎಳೆದು ಸಾಹೇಬರ ಕೈಗೆ ಕೊಟ್ಟ. "ನೋಡಿ ಸಾರ್, ಇದಕ್ಕೇ ನಾನು ಹೇಳ್ತಿದ್ದೆ. ಈ ತಾಯಿ ಸೈನ್ ಮಾಡಿದ್ರೆ ಸೋಮವಾರವೇ ಬೋನು ಇಡಿಸಬಹುದು."

ಸಾಹೇಬರು ಕಾಗದವನ್ನು ಮೂಗಿನವರೆಗೆ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಒಂದಕ್ಷರವೂ ಕಾಣಲಿಲ್ಲ. ಯಾವ ಕಡೆ ಜನ ನಿಂತಿದ್ದಾರೆಂಬುದೂ ಸರಿಯಾಗಿ ತಿಳಿಯದೆ, ಲಾಡಿ ಕೊಟ್ಟವಳ ದನಿ ಬಂದಿದ್ದ ದಿಕ್ಕಿಗೆ ಕಾಗದ ಚಾಚಿ, "ಓದಮ್ಮಾ" ಎಂದರು.

ಅವಳು ಓದಿದಳು. ಗಟ್ಟಿಯಾಗಿ, ಮೆಟ್ಟಿಲ ಬುಡದಲ್ಲಿ ನೆರೆದಿದ್ದವರಿಗೆಲ್ಲ ಕೇಳಿಸುವ ಹಾಗೆ. "ನನ್ನ ಮಗಳು, ಮೂರೂವರೆ ವರ್ಷ, ಇವಳ ಎಡಗೈಗೆ ಕಳೆದ ವಾರ ಬುಧವಾರ ಕೋತಿ ಕಚ್ಚಿ ಮೂರು ಹೊಲಿಗೆ..."

"ಅಲ್ಲಾ!" ಜಾಲರಿಯೊಳಗಿನಿಂದ ಪುಟ್ಟಿಯ ಬಾಳೆಹಣ್ಣು ತುಂಬಿದ ಬಾಯಿ ಕೂಗಿತು. "ಕೋತಿ ಅಲ್ಲ! ಮೊಳೆ!"

ಸಾಹೇಬರು ಮ್ಯಾನೇಜರ್ ಇದ್ದಿರಬಹುದಾದ ಕಡೆ ತಿರುಗಿದರು. ಅವನು ಅಲ್ಲಿಂದ ಎರಡು ಹೆಜ್ಜೆ ಈಚೆಗೆ ಸರಿದಿದ್ದ.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಪೆಟ್ಟಿಗೆ, ಬೀಗದ ಕೈ, ಮೇಷ್ಟ್ರ ಕನ್ನಡಕ, ಮೊದಲ ಹಿಡಿ ಕಡಲೆಕಾಯಿ, ಏಳು ಕೂಗು ಎರಡಾದದ್ದು. ಸಾಹೇಬರು ಕರಗಿ ನೀರಾದರೆಂದೇನಿಲ್ಲ. "ನನ್ನ ಕನ್ನಡಕಕ್ಕೆ ಯಾರು ಹೊಣೆ?" ಎಂದೇ ಕೇಳಿದರು.

"ಲಾಡಿ ಕೊಟ್ಟೆ ಸಾರ್. ಬೇಡ ಅಂದ್ರಿ."

ಅವರು ಕಣ್ಣು ಕಿರಿದು ಮಾಡಿ ಸುತ್ತ ನೋಡಿ, "ಕಾರ್ ಯಾವ ಕಡೆ ಇದೆ?" ಎಂದರು. ಅವಳು ಅವರ ಕೈ ಹಿಡಿದುಕೊಂಡು, ಹಳ್ಳ ಬಂದಲ್ಲಿ ಹಳ್ಳ, ಕಲ್ಲು ಬಂದಲ್ಲಿ ಕಲ್ಲು ಎಂದು ಪುಟ್ಟಿಗೆ ಹೇಳುವ ಹಾಗೆ ಹೇಳುತ್ತಾ ಕರೆದೊಯ್ದಳು. ಕಾರಿನ ಬಾಗಿಲಲ್ಲಿ ನಿಂತು ಅವರು ಮ್ಯಾನೇಜರ್‌ನನ್ನು ಕರೆದು, ಈ ಸೀಸನ್ ಮುಗಿಯುವವರೆಗೆ ಬೋನಿನ ಮಾತು ಬೇಡ, ಕೌಂಟರಿನಲ್ಲಿ ಇವಳೇ ಇರಲಿ, ಮತ್ತೆ ಇಂಥ ಕಾಗದ ತಂದರೆ ಮೊದಲು ಗಾಯ ತೋರಿಸು, ಆಮೇಲೆ ಕಚ್ಚಿದ್ದನ್ನು ತೋರಿಸು ಎಂದರು. ಇಷ್ಟೇ. ಕಾಯಂ ಎಂಬ ಮಾತು ಬರಲಿಲ್ಲ. ಮಾಡಿಗೆ ಹೊಸ ತಗಡೂ ಬರಲಿಲ್ಲ.

ಕೋತಿಗಳು ಸಾಧುಗಳಾದವು ಎಂದರೆ ಸುಳ್ಳಾದೀತು. ಸೀಸನ್ ಕೊನೆಯ ಹೊತ್ತಿಗೂ ವಾರಕ್ಕೊಂದು, ಎರಡು ಕೂಗು ಕೇಳುತ್ತಲೇ ಇತ್ತು. ಫ್ರಾಕುಗಳು ಮರದ ಮೇಲೆಯೇ ಇದ್ದವು. ಮ್ಯಾನೇಜರ್ ಅವಳ ಮುಖ ನೋಡದೆ ಹಾದುಹೋಗುವುದನ್ನು ಕಲಿತ. ಅತ್ತೆ ತಮ್ಮ ಕತೆಗೆ ಹೊಸ ಬಾಲ ಅಂಟಿಸಿದ್ದರು: "ಎಲ್ಲಾರೂ ಹೊಗಳಿದ್ರು ನೋಡಿ, ಅಲ್ಲೇ ಕೆಟ್ಟಿತು. ಕಲಿಸಿದವಳು ನಾನು. 'ಇಲ್ಲ' ಅನ್ನೋದನ್ನ ಕಲಿಸಿದವಳು ಅಲ್ಲಿ ಕೂತಿದಾಳಲ್ಲ, ನನ್ನ ಸೊಸೆ. ಲಾಡಿ ತಗೊಳ್ಳಿ ಮೊದಲು."

ಒಂದು ಮಧ್ಯಾಹ್ನ ಮೇಲಿನಿಂದ ಕೂಗು ಬಂತು. "ಅಕ್ಕಾ, ಗಿರಾಕಿ!" ಎಂದ ಟಿಕೆಟ್ ಅಣ್ಣ. ಅವಳು ಟೋಕನ್ ಕೊಕ್ಕೆಗೆ ಹಾಕಿ, ಮಗಳ ತಲೆ ಸವರಿ, ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿದಳು. ಕನ್ನಡಕ ಕಳೆದುಕೊಂಡವರು ಕಟಕಟೆ ಹಿಡಿದು ನಿಂತಿದ್ದರು. ಅವಳು ಬಂದ ಸದ್ದಿಗೆ ತಿರುಗಿ, "ನೀವೇನಾ ಕನ್ನಡಕದಕ್ಕ? ಹಣ್ಣು ತಂದಿದ್ದೀರಾ?" ಎಂದರು.

"ಇಲ್ಲ."

"ಮತ್ತೆ ಬರಿಗೈಯಲ್ಲಿ ಇಷ್ಟು ಮೆಟ್ಟಿಲು ಹತ್ತಿ ಯಾಕೆ ಬಂದ್ರಿ?"

"ನಿಮ್ಮನ್ನ ಕೆಳಗಿಳಿಸೋಕೆ. ಕಣ್ಣು ಕಾಣಲ್ವಲ್ಲ, ಕೈ ಕೊಡಿ."